ಸಣ್ಣಯ್ಯನವರ ಹಪ್ಪಳದ ಪರೀಕ್ಷೆ

ನಮ್ಮ ಮನೆಗೆ ಬಂದ ರಿಪೇರಿಯವರಲ್ಲಿ, ಟೂಲ್ಸಿನ ಚೀಲ ಕೆಳಗಿಡುವ ಮೊದಲೇ ಒಂದು ಸುಟ್ಟ ಹಪ್ಪಳ ಕೇಳುತ್ತಿದ್ದವರು ಸಣ್ಣಯ್ಯ ಒಬ್ಬರೇ. ಆರಡಿ ಎತ್ತರದ ಆಳಿಗೆ ಸಣ್ಣಯ್ಯ ಎಂದು ಹೆಸರಿಟ್ಟವರು ಯಾರೋ! ಕೊಟ್ಟ ಹಪ್ಪಳವನ್ನು ಅವರು ತಿನ್ನುತ್ತಿರಲಿಲ್ಲ. ನಡುಮನೆಯ ಷೋಕೇಸಿನ ಮೇಲಿಟ್ಟು, ಮನೆಯ ತೇವ ಹೀರುವ ಮಿಷನ್ನು ನೋಡಲು ಅಟ್ಟ ಹತ್ತುತ್ತಿದ್ದರು. ಗಂಟೆ ಬಿಟ್ಟು ಇಳಿದು ಬಂದು, ಅದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಟಪ್ಪೆಂದರೆ ಮುಖ ಅರಳುತ್ತಿತ್ತು. "ಪಾಸು ಕಣವ್ವ!" ಎಂದು ನನ್ನ ಹೆಂಡತಿ ಸುಮಿತ್ರೆಗೆ ಸಾರಿ, ಆಮೇಲೆ ಚೂರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸದ್ದಿಲ್ಲದೆ ಬಗ್ಗಿದರೆ "ಫೇಲು" ಎಂದು ಗೊಣಗಿ ಮತ್ತೆ ಏಣಿ ಹತ್ತುತ್ತಿದ್ದರು. ಗಾಳಿಯ ತೇವ ತೋರಿಸುವ ಮೀಟರು ಮಿಷನ್ನಿನಲ್ಲೇ ಇದೆಯಲ್ಲ ಎಂದರೆ, "ಅದು ಕಂಪ್ನಿಯೋರ್ ಮಾತು ಮೇಷ್ಟ್ರೇ. ಅಪ್ಳ ಮನೆಯೋರ್ ಮಾತು" ಎನ್ನುತ್ತಿದ್ದರು.

ಮಿಷನ್ನಿನ ಕತೆ ಹೇಳಬೇಕು. ಹಾಸನದಲ್ಲಿ ಸಾಲಗಾಮೆ ರಸ್ತೆಯ ಕಡೆ, ಕೆರೆಯ ಕೆಳಗಿನ ತಗ್ಗಿನಲ್ಲಿ ನಾನು ಮನೆ ಕಟ್ಟಿಸಿದೆ. ಬೇಡ ಎಂದವರು ಹತ್ತು ಜನ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು ನಾನು, ಹೇಳಿ ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿಲ್ಲ. ಮೊದಲ ಮಳೆಗಾಲಕ್ಕೇ ಗೋಡೆ ಬೆವರಿತು. ಬೀರುವಿನ ಸೀರೆಗಳಿಗೆ ಮುಗ್ಗಲು ವಾಸನೆ ಹತ್ತಿತು, ಮೂಲೆಗಳಲ್ಲಿ ಕಪ್ಪು ಬೂಷ್ಟು. ಎರಡನೆಯ ಮಳೆಗಾಲಕ್ಕೆ ಸುಮಿತ್ರೆಗೆ ಉಬ್ಬಸ ಅಂಟಿಕೊಂಡಿತು. ಮನೆ ಬದಲಾಯಿಸಿ, ಇಲ್ಲವೇ ಮನೆಯ ಗಾಳಿ ಬದಲಾಯಿಸಿ ಎಂದರು ಡಾಕ್ಟರು. ಇದ್ದದ್ದೆಲ್ಲ ಆ ಮನೆಗೇ ಸುರಿದಿದ್ದ ನನಗೆ ಎರಡೂ ಆಗದ ಮಾತಾಗಿ ಕಂಡವು.

ಸಣ್ಣಯ್ಯ ಬಂದದ್ದು ನಮ್ಮ ಫ್ರಿಜ್ಜು ನೋಡಲು. ಅಡಿಗೆಮನೆಯಲ್ಲಿ ಸುಮಿತ್ರೆ ಕೆಮ್ಮುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರು.

"ಫ್ರಿಜ್ಜು ನೆಟ್ಟಗದೆ ಮೇಷ್ಟ್ರೇ. ಕಾಯಿಲೆ ಇರೋದು ಮನೇಗೆ."

ಮುಚ್ಚಿಹೋಗಿದ್ದ ಒಂದು ಬೀಜದ ಗೋದಾಮಿನಲ್ಲಿ ಗಾಳಿಯ ನೀರು ಹೀರುವ ಹಳೆಯ ಡಿಹ್ಯುಮಿಡಿಫೈಯರ್ ಇದೆಯೆಂದೂ, ತಂದು ಅಟ್ಟದಲ್ಲಿ ಕೂರಿಸಿ ಎಲ್ಲ ಕೋಣೆಗೂ ಕೊಳವೆ ಎಳೆದರೆ ಇಡೀ ಮನೆ ಒಣಗುತ್ತದೆಂದೂ ಹೇಳಿದರು. ಗೋದಾಮಿನ ಸಾಮಾನು ಮನುಷ್ಯರಿಗೆ ಆಗಿಬರುತ್ತದೆಯೇ ಎಂದು ನಾನು ಅನುಮಾನಿಸಿದೆ.

"ಬೀಜ ಕಾದಿದ್ದು ಜೀವ ಕಾಯಾಕಿಲ್ವಾ?" ಎಂದರು. ಆ ಮಾತಿಗೇ ನಾನು ಒಪ್ಪಿದ್ದು.

ಮಿಷನ್ನು ಕೂತು ಹದಿನೈದು ದಿನವಾದರೂ ಹಪ್ಪಳ ಪಾಸಾಗಲಿಲ್ಲ. ಫಿಲ್ಟರು ತೊಳೆದಾಯಿತು, ಒಳಗಿನ ತಣ್ಣನೆಯ ತಂತಿಬಲೆಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿದ್ದಾಯಿತು. ಒಂದು ದಿನ ಅವರು ಮುಸ್ಸಂಜೆಗೆ ಬಂದರು. ಬಂದವರು ಹೊಸಿಲಲ್ಲೇ ನಿಂತುಬಿಟ್ಟರು. ದೀಪ ಹಚ್ಚಿದ ಹೊತ್ತು. ಲಕ್ಷ್ಮಿ ಬರಲೆಂದು ನಮ್ಮಮ್ಮ ತಲೆಬಾಗಿಲು, ಕಿಟಕಿ ಎಲ್ಲ ಹಾರುಹೊಡೆದು, ಊಟದ ಹೊತ್ತಿನವರೆಗೂ ಹಾಗೇ ಬಿಡುತ್ತಿದ್ದಳು. ಹೊರಗೆ ಸೋನೆ ಮಳೆ, ಅಟ್ಟದಲ್ಲಿ ಮಿಷನ್ನು ಗುಂಯ್ ಎನ್ನುತ್ತಿತ್ತು.

"ಇದೇನ್ ಮೇಷ್ಟ್ರೇ, ಮನೆ ಒಣಗಿಸ್ತಾ ಇದ್ದೀರೋ, ಇಡೀ ಆಸನಾನೇ ಒಣಗಿಸ್ತಾ ಇದ್ದೀರೋ?"

ಅಮ್ಮ ಸೆಟೆದು ನಿಂತಳು. ದೀಪದ ಹೊತ್ತಿಗೆ ಬಾಗಿಲು ಹಾಕಿದ ಮನೆತನವಲ್ಲ ನಮ್ಮದು ಎಂದಳು. ಸಣ್ಣಯ್ಯ ಕೈಮುಗಿದರು.

"ತೆಗ್ದಿರಿ ಅವ್ವಾರೆ, ನಾನೇನ್ ಬ್ಯಾಡ ಅನ್ನಾಕಿಲ್ಲ. ಲಕ್ಷ್ಮವ್ವ ಒಳೀಕೆ ಬಂದ್ಮ್ಯಾಲೆ ಮುಚ್ಕಳಿ. ಬಂದೋಳು ಬಾಗ್ಲು ತೆಗ್ದದೆ ಅಂತ ಅಂಗೇ ವಾಪಸ್ ಓಗ್ಬುಟ್ರೆ ಏನ್ ಮಾಡೀರಿ?"

ಅರವತ್ತು ವರ್ಷ ಯಾರಿಗೂ ಸೋಲದ ಅಮ್ಮ ಅಂದು ಸೋತಳು. ಮಾರನೆಯ ದಿನದಿಂದ ಲಕ್ಷ್ಮಿಗೆ ಐದು ನಿಮಿಷದ ಟೈಮು. ವಾರದೊಳಗೆ ಹಪ್ಪಳ ಟಪ್ಪೆಂದಿತು.

ಮೊದಮೊದಲು ಅಮ್ಮ ಅವರಿಗೆ ಕಾಫಿ ಕೊಡುತ್ತಿದ್ದದ್ದು ಪೇಪರ್ ಲೋಟದಲ್ಲಿ. ಯಾಕೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಒಂದು ದಿನ ಮಿಷನ್ನಿನ ಪೈಪಿನಿಂದ ಬಕೀಟಿಗೆ ತುಂಬಿದ ನೀರನ್ನು ಅವರು ಹಿತ್ತಲ ಗಿಡಗಳಿಗೆ ಹೊಯ್ಯುತ್ತಿದ್ದರು.

"ಚಿಕ್ಕೋನಾಗಿದ್ದಾಗ ನಮ್ಮಜ್ಜಿ ಊರಲ್ಲಿ ಬಾವಿ ಅಗ್ಗ ಮುಟ್ಟಂಗಿರ್ನಿಲ್ಲ ಅವ್ವಾರೆ," ಎಂದರು, ಹವಾಮಾನದ ಸುದ್ದಿ ಹೇಳುವಂತೆ. "ಯಾರಾನಾ ಸೇದಿ ಉಯ್ಯೋಗಂಟ ಬಿಂದಿಗೆ ಇಡ್ಕಂಡು ನಿಂತಿರ್ಬೇಕಿತ್ತು. ಈ ಗಾಳಿ ನೀರಿಗೆ ಇನ್ನೂ ಯಾರೂ ಬಾವಿ ಕಟ್ಟಿಲ್ಲ, ನೋಡಿ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋದಳು. ಅಂದಿನ ಕಾಫಿ ನಮ್ಮೆಲ್ಲರ ಜೊತೆಗೆ ಸ್ಟೀಲ್ ಲೋಟದಲ್ಲೇ ಬಂತು. ಅಷ್ಟಕ್ಕೇ ನಾವು ದೊಡ್ಡ ಮನಸ್ಸಿನವರು ಎಂದುಕೊಂಡುಬಿಟ್ಟೆ.

ಇನ್ನೊಂದು ಘಟನೆಯನ್ನು ಮರೆಯಲಾರೆ. ಒಂದು ಮಳೆಗಾಲದಲ್ಲಿ ಮೂರು ದಿನ ಎಡೆಬಿಡದೆ ಮಳೆ. ಅಟ್ಟದಿಂದ ನೀರು ತೊಟ್ಟಿಕ್ಕಿತು, ಮಿಷನ್ನು ನಿಂತಿತು. ಮರುದಿನ ಬೆಳಿಗ್ಗೆ ಸುಮಿತ್ರೆಗೆ ಒಂದು ವಾಕ್ಯ ಪೂರ್ತಿ ಆಡುವಷ್ಟು ಉಸಿರಿರಲಿಲ್ಲ. ಫೋನು ಮಾಡಿದರೆ ಸಣ್ಣಯ್ಯ ನುಗ್ಗೇಹಳ್ಳಿಯಲ್ಲಿ, ಮಗಳ ಬೀಗರೂಟದ ಗದ್ದಲದಲ್ಲಿದ್ದರು. "ಬತ್ತೀನಿ" ಎಂದಷ್ಟೇ ಹೇಳಿ ಇಟ್ಟರು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿಕೊಂಡು, ಜರಿಪಂಚೆಯಲ್ಲೇ ಮಧ್ಯಾಹ್ನಕ್ಕೆ ಬಂದಿಳಿದರು. ಪಂಚೆ ಎತ್ತಿ ಕಟ್ಟಿ ಅಟ್ಟ ಹತ್ತಿ, ನೀರು ಹೊರಹೋಗುವ ಪೈಪನ್ನು ಮಿಷನ್ನಿನಿಂದ ಬಿಚ್ಚಿ, ಆ ತುದಿಗೆ ಬಾಯಿಟ್ಟು, ಕೆನ್ನೆ ಊದಿಸಿ ಊದಿದರು. ಮೂರನೆಯ ಸಲಕ್ಕೆ ಇನ್ನೊಂದು ತುದಿಯಿಂದ ಮಣ್ಣಿನ ಉಂಡೆ ಬಿತ್ತು. ಕಡಜದ ಗೂಡು! ಸಂಜೆಯ ಹೊತ್ತಿಗೆ ಸುಮಿತ್ರೆ ಎದ್ದು ಕೂತಳು.

"ನಿಮ್ಮ ಬಾಡೂಟ ತಪ್ಪಿಸಿಬಿಟ್ಟೆನಲ್ಲ ಅಣ್ಣ" ಎಂದಳು.

"ಬಾಡು ನಾಳೀಕೂ ಸಿಕ್ತದೆ ಕಣವ್ವ. ಉಸ್ರು ಸಿಕ್ಕಾಕಿಲ್ಲ."

ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಸುತ್ತಿ ನೂಲು ಕಟ್ಟಿ ಹೋದರು. ಅದು ಇಂದಿಗೂ ಅಲ್ಲಿದೆ.

ವರ್ಷಗಳು ಉರುಳಿದವು. ಅಮ್ಮ ತೀರಿಕೊಂಡಳು, ನಾನು ರಿಟೈರಾದೆ. ಎರಡು ವರ್ಷದ ಹಿಂದೆ ಒಂದು ದಿನ ಸಣ್ಣಯ್ಯ ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು, ಹತ್ತಲಾರದೆ ಇಳಿದರು. ಎದೆ ಸಿಳ್ಳೆ ಹಾಕುತ್ತಿತ್ತು. ಆ ಸದ್ದು ನಮ್ಮ ಮನೆಗೆ ಹೊಸದಲ್ಲ.

"ನೀನೇ ಅತ್ತವ್ವ. ನಾನು ಏಣಿ ಇಡ್ಕತೀನಿ."

ಸುಮಿತ್ರೆ ಸೆರಗು ಸಿಕ್ಕಿಸಿ ಹತ್ತಿದಳು. ಫಿಲ್ಟರು ತಿಂಗಳಿಗೊಮ್ಮೆ ತೊಳಿ, ಒದ್ದೆ ಫಿಲ್ಟರು ಹಾಕಬೇಡ, ಪೈಪಿಗೆ ಬಿಸಿನೀರು ಬಿಡು, ತಂತಿಬಲೆಗೆ ಉಗುರು ತಾಗಿಸಬೇಡ ಎಂದು ಕೆಳಗಿನಿಂದಲೇ ಒಂದೊಂದಾಗಿ ಕಲಿಸಿದರು. ಅಂದು ಹಪ್ಪಳ ಮುರಿದವಳೂ ಅವಳೇ. ಆಮೇಲೆ ಅವರು ಬರಲಿಲ್ಲ.

ಹೋದ ಶ್ರಾವಣದಲ್ಲಿ ನಾವೇ ಅವರ ಊರು ಕೊರವಂಗಲಕ್ಕೆ ಹೋದೆವು. ಅಷ್ಟು ವರ್ಷದಲ್ಲಿ ಅವರ ಮನೆಗೆ ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸೊಂಟದೆತ್ತರಕ್ಕೆ ಏರಿದ ತೇವ, ಮೂಲೆಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿದ್ದ ಅದೇ ಕಪ್ಪು ಬೂಷ್ಟು. ಸಣ್ಣಯ್ಯ ದಿಂಬಿಗೊರಗಿ ಕೂತಿದ್ದರು. ಅವರ ಹೆಂಡತಿ ಕಾಫಿಯ ಜೊತೆ ಸುಟ್ಟ ಹಪ್ಪಳ ತಂದಿಟ್ಟರು. ಪೈಪಿಗೆ ಬಿಸಿನೀರು ಬಿಡುತ್ತಿದ್ದೀಯಾ ಎಂದು ಸಣ್ಣಯ್ಯ ವಿಚಾರಿಸಿದರು, ಸುಮಿತ್ರೆ ಹೂಂ ಎಂದಳು. ಮಾತು ಮುಗಿದು ಏಳುವ ಹೊತ್ತಿಗೆ ಸಣ್ಣಯ್ಯ ತಟ್ಟೆಯಿಂದ ಒಂದು ಹಪ್ಪಳ ತೆಗೆದು ಕಿವಿಯ ಹತ್ತಿರ ಹಿಡಿದರು. ಹಪ್ಪಳ ಬಟ್ಟೆಯಂತೆ ಮಡಿಚಿಕೊಂಡಿತು.

"ಫೇಲು ಕಣವ್ವ," ಎಂದು ನಕ್ಕರು.

ಸುಮಿತ್ರೆ ಅವರ ಕೈ ಹಿಡಿದುಕೊಂಡಳು. "ಮಳೆಗಾಲ ಮುಗಿಯೋ ತನಕ ನಮ್ಮನೇಲಿರಿ ಅಣ್ಣ. ಅಮ್ಮನ ಕೋಣೆ ಖಾಲಿ ಇದೆ. ಇವತ್ತೇ ಹೊರಡಿ."

ಅವರು ನನ್ನ ಮುಖ ನೋಡಿದರು. ನಾನು "ಹೌದು, ಬನ್ನಿ" ಎಂದೆ. ಎನ್ನುವುದಕ್ಕೆ ಒಂದು ಕ್ಷಣ ತಡವಾಯಿತು. ಅವರಿಗೆ ಅದು ಗೊತ್ತಾಯಿತು.

"ಬತ್ತೀನಿ ಮೇಷ್ಟ್ರೇ. ಮಳೆ ನಿಂತ್ಮ್ಯಾಲೆ ಬತ್ತೀನಿ."

ಮಳೆ ನಿಲ್ಲುವ ಮೊದಲೇ ಅವರು ಹೋದರು.

ಈಗ ಪ್ರತಿ ತಿಂಗಳೂ ಸುಮಿತ್ರೆಯೇ ಅಟ್ಟ ಹತ್ತುತ್ತಾಳೆ, ಏಣಿ ಹಿಡಿಯುವವನು ನಾನು. ಇಳಿದು ಬಂದು ಷೋಕೇಸಿನ ಮೇಲಿನ ಹಪ್ಪಳವನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಟಪ್ಪೆನ್ನುತ್ತದೆ. ಪಾಸು ಎನ್ನಲು ನಮ್ಮಿಬ್ಬರಿಗೂ ಬಾಯಿ ಬರುವುದಿಲ್ಲ. ಅಮ್ಮನ ಕೋಣೆಗೂ ಒಂದು ಕೊಳವೆ ಹೋಗಿದೆ. ಸಣ್ಣಯ್ಯನವರೇ ಎಳೆದದ್ದು. ಅಲ್ಲಿ ಯಾರೂ ಮಲಗುವುದಿಲ್ಲ, ಗಾಳಿ ಮಾತ್ರ ಬಹಳ ಚೆನ್ನಾಗಿದೆ.