ಆಲ್ಟ್ರೇಷನ್ ಟೇಲರಣ್ಣನ ಸ್ಟೆಪ್ನಿ

ನಮ್ಮ ಬೀದಿಯ ಟೇಲರಣ್ಣ ತನ್ನ ಜನ್ಮದಲ್ಲಿ ಒಂದು ಹೊಸ ಅಂಗಿ ಹೊಲಿದವನಲ್ಲ. ಅಂಗಡಿಯ ಹಲಗೆಯ ಮೇಲೆ ‘ಇಲ್ಲಿ ಎಲ್ಲಾ ತರದ ಆಲ್ಟ್ರೇಷನ್ ಮಾಡಲಾಗುವುದು’ ಎಂದಷ್ಟೇ ಬರೆಸಿದ್ದಾನೆ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಿದ್ದದ್ದನ್ನು ಸಡಿಲ ಮಾಡುವುದು, ಅಪ್ಪನ ಪ್ಯಾಂಟನ್ನು ಮಗನ ಸೊಂಟಕ್ಕೆ ಇಳಿಸುವುದು, ಇಷ್ಟೇ ಅವನ ಕಸುಬು. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ‘ಇಷ್ಟು ಸಾಕು’ ಎಂದರೆ ‘ಅದೂ ಸರೀನೇ’ ಎಂದು ಅಷ್ಟಕ್ಕೇ ಹೊಲಿಯುತ್ತಾನೆ. ಮಾರನೆಯ ದಿನ ಅದೇ ಗಿರಾಕಿ ಉಸಿರು ಬಿಟ್ಟುಕೊಂಡು ಬಂದು ‘ಬಿಗಿಯಾಯ್ತಲ್ಲಯ್ಯಾ’ ಎಂದರೆ ‘ಅದೂ ಸರೀನೇ’ ಎಂದು ಬಿಚ್ಚುತ್ತಾನೆ. ಒಂದೇ ಪ್ಯಾಂಟಿಗೆ ಎರಡು ಕೂಲಿ ಹೊಡೆಯುವ ಜಾಣ ಎಂದು ಮೊದಮೊದಲು ನನಗೆ ಅವನ ಮೇಲೆ ಬಹಳ ಗೌರವವಿತ್ತು. ಎರಡನೆಯ ಸಲ ಅವನು ಕೂಲಿಯನ್ನೇ ಕೇಳುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ವ್ಯಾಪಾರದ ಮೇಲೆ ನಾನಿಟ್ಟಿದ್ದ ನಂಬಿಕೆಗೆ ಅಂಥ ಪೆಟ್ಟು ಬೇರೆ ಯಾರೂ ಕೊಟ್ಟಿಲ್ಲ.

ನನ್ನದು ಅವನ ಎದುರಿಗೇ ಇರುವ ಅಂಗಡಿ. ಹಳೆಯ ಗಾಡಿಗಳ ಬಿಡಿಭಾಗ ಮಾರುತ್ತೇನೆ. ಅವನು ಕಾಜಾ ಹೊಲಿಯುವುದು ನನಗೆ ಕಾಣುತ್ತದೆ, ನಾನು ತುಕ್ಕು ಉಜ್ಜಿ ಹೊಸದು ಎನ್ನುವುದು ಅವನಿಗೆ ಕಾಣುತ್ತದೆ. ಹೀಗಾಗಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ವಿಶ್ವಾಸ.

ಟೇಲರಣ್ಣನ ಹೆಂಡತಿಯ ತವರು ಗುಡ್ಡದ ನೆತ್ತಿಯ ಮೇಲಿದೆ. ಬಸ್ಸು ಬುಡದವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಇರುವುದನ್ನು ರಸ್ತೆ ಎನ್ನುವುದು ಉಪಚಾರದ ಮಾತು. ಅವಳ ಅಣ್ಣ ನಮ್ಮೂರಲ್ಲೇ ಸಿಮೆಂಟ್ ಏಜೆನ್ಸಿ ನಡೆಸುವ ಸ್ಥಿತಿವಂತ, ಎತ್ತರದ ಬಿಳಿ ಕಾರು ಇಟ್ಟುಕೊಂಡಿದ್ದಾನೆ. ಮದುವೆಯಾದಂದಿನಿಂದ ತಂಗಿ ತವರಿಗೆ ಹೋಗುವುದು ಅವನ ಕಾರಿನಲ್ಲೇ. ಟೇಲರಣ್ಣ ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ತಾನೂ ಒಂದು ಚೀಲವಾಗಿ ಕೂರುತ್ತಿದ್ದ. ಭಾವ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನನ್ನೇ ನೋಡುತ್ತ, “ಕಾಲು ಒರೆಸ್ಕೊಂಡ್ ಹತ್ತಿದ್ರಿ ತಾನೇ ಟೇಲರ್ರೇ?” ಎಂದು ಕೇಳುತ್ತಿದ್ದ. ಟೇಲರಣ್ಣ ಎರಡು ಕಾಲನ್ನೂ ನೆಲ ಮುಟ್ಟದ ಹಾಗೆ ಎತ್ತಿ ಹಿಡಿದುಕೊಳ್ಳುತ್ತಿದ್ದ.

ಹೋದ ವರ್ಷ ಹಾಗೆ ಹೋಗಿ ಬಂದ ಸಂಜೆ ಅವಳು ಬಾಗಿಲಲ್ಲೇ ನಿಂತು ಹೇಳಿದಳು. “ರೀ, ಇನ್ಮೇಲೆ ಅಣ್ಣನ ಕಾರಲ್ಲಿ ನಾನು ಅಮ್ಮನ ಮನೆಗೆ ಹೋಗಲ್ಲ. ಅಮ್ಮಂಗೆ ಎಂಬತ್ತು ತುಂಬೋ ದಿನಾನೂ ಹೋಗಲ್ಲ. ನೀವು ಕರ್ಕೊಂಡ್ ಹೋದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ.”

ಅವಳು ಜೋರು ಮಾಡುವವಳಲ್ಲ. ಅದಕ್ಕೇ ಟೇಲರಣ್ಣನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮುಚ್ಚಿಹೋದ ಕಲ್ಲಿನ ಕ್ವಾರಿಯೊಂದರಲ್ಲಿ ನಿಂತಿದ್ದ ಹಳೆಯ ಜೀಪನ್ನು ಅವನಿಗೆ ಕೊಡಿಸಿದವನು ನಾನೇ. ಮುದುಕನ ಹಾಗೆ ಕೆಮ್ಮುತ್ತಿತ್ತು, ಮುದುಕನ ಹಾಗೇ ಹಟ ಹಿಡಿದು ಏರನ್ನೂ ಹತ್ತುತ್ತಿತ್ತು. ಬಟ್ಟೆಯ ಚಾವಣಿ ಹರಿದಿತ್ತು, ಅದಕ್ಕೆ ಅವನು ಕೂತು ಅಚ್ಚುಕಟ್ಟಾಗಿ ತೇಪೆ ಹಾಕಿದ. ಕೊರತೆಯಿದ್ದದ್ದು ಒಂದೇ. ಪಂಕ್ಚರ್ ಆದರೆ ಹಾಕುವ ಸ್ಟೆಪ್ನಿ ಟೈರು ಇತ್ತು, ಅದನ್ನು ಕೂರಿಸುವ ಬ್ರಾಕೆಟ್ ಇರಲಿಲ್ಲ. ಆ ಗುಡ್ಡವನ್ನು ಸ್ಟೆಪ್ನಿ ಇಲ್ಲದೆ ಹತ್ತಿದವರೆಲ್ಲ ನಡೆದುಕೊಂಡು ಇಳಿದಿದ್ದಾರೆ.

“ಇದನ್ನ ಎಲ್ಲಿ ಕೂರಿಸೋದು ಸಾವ್ಕಾರ್ರೇ?” ಎಂದು ಟೇಲರಣ್ಣ ನನ್ನನ್ನು ಕೇಳಿದ. ಕೇಳಿದ್ದು ತಪ್ಪಲ್ಲ, ಬೀದಿಯ ನಡುವೆ ನಿಂತು ಗಟ್ಟಿಯಾಗಿ ಕೇಳಿದ. ಬೀದಿಯಲ್ಲಿ ನಿಂತು ದಾರಿ ಕೇಳಬಹುದು, ಅಭಿಪ್ರಾಯ ಕೇಳಬಾರದು.

ಮೊದಲು ತೀರ್ಪು ಕೊಟ್ಟವನು ಭಾವ. ಜೀಪು ನೋಡಿ ಆಡಿಕೊಳ್ಳಲೆಂದೇ ಬಂದಿದ್ದ. “ಹಳೇ ಜೀಪು ಅಂದ್ರೆ ಬಾನೆಟ್ ಮೇಲೇ ಸ್ಟೆಪ್ನಿ ಇರ್ಬೇಕು ಕಣ್ರೀ. ಅದೇ ಅದರ ಗತ್ತು!”

“ಅದೂ ಸರೀನೇ ಭಾವ.”

ನಾನು ಬಾನೆಟ್ಟಿನ ಬ್ರಾಕೆಟ್ ಕೊಟ್ಟೆ. ಟೇಲರಣ್ಣ ಗಿಡ್ಡ ಆಳು. ಸೀಟಿನಲ್ಲಿ ಕೂತರೆ ಮುಂದೆ ಟೈರು ಬಿಟ್ಟು ಬೇರೇನೂ ಕಾಣದು. ರಸ್ತೆ ಅದರ ಆಚೆ ಇರಬೇಕು ಎಂಬ ನಂಬಿಕೆಯ ಮೇಲೆ ಓಡಿಸಿದ. ಎರಡು ದಿಂಬು ಹಾಕಿಕೊಂಡು ಕೂತ, ರಸ್ತೆ ಕಂಡಿತು, ಬ್ರೇಕಿಗೆ ಕಾಲು ಎಟುಕಲಿಲ್ಲ. ಒಂದು ದಿಂಬು ತೆಗೆದ, ರಸ್ತೆಯೂ ಅರ್ಧ ಕಂಡಿತು, ಬ್ರೇಕೂ ಅರ್ಧ ಎಟುಕಿತು. ಇಂಜಿನ್ ನೋಡಬೇಕೆಂದರೆ ಟೈರಿನ ಸಮೇತ ಬಾನೆಟ್ ಎತ್ತಲು ಇಬ್ಬರು ಬೇಕಾಗುತ್ತಿತ್ತು, ಅದು ಮತ್ತೆ ತಲೆಯ ಮೇಲೆ ಬೀಳದ ಹಾಗೆ ಹಿಡಿಯಲು ಇನ್ನೊಬ್ಬ.

“ಪಕ್ಕಕ್ಕೆ ಹಾಕಯ್ಯ,” ಎಂದ ಕಟಿಂಗ್ ಶಾಪಿನವನು, ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಲೇ. “ಮೂಗಿನ ಮೇಲೆ ಯಾರಾದ್ರೂ ಗಂಟು ಕಟ್ಕೋತಾರಾ? ಸೊಂಟಕ್ಕೆ ಕಟ್ಕೋಬೇಕು.”

“ಅದೂ ಸರೀನೇ.”

ನಾನು ಪಕ್ಕದ ಬ್ರಾಕೆಟ್ ಕೊಟ್ಟೆ. ಡ್ರೈವರ್ ಕೂರುವ ಬದಿಯಲ್ಲಿ ಪೆಟ್ರೋಲ್ ಹಾಕುವ ಬಾಯಿಯಿತ್ತು, ಆದ್ದರಿಂದ ಟೈರು ಆಚೆ ಬದಿಗೆ, ಹೆಂಡತಿ ಹತ್ತಬೇಕಾದ ಕಡೆಗೆ ಹೋಯಿತು. ಹತ್ತುವ ಜಾಗದಲ್ಲಿ ಅರ್ಧವನ್ನು ಅದೇ ನುಂಗಿತು. ಅವಳು ಅಡ್ಡಡ್ಡ ನಿಂತು ಒಂದು ಕಾಲು ಒಳಗಿಟ್ಟು, ತಲೆ ತೂರಿಸಿ ನೋಡಿ, ಕೆಳಗಿಳಿದಳು. “ನಾನು ತವರಿಗೆ ಹೋಗ್ತಿರೋದೋ, ಕನ್ನ ಹಾಕಕ್ಕೆ ಹೋಗ್ತಿರೋದೋ?” ಎಂದಳು.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಇದನ್ನೆಲ್ಲ ನೋಡಿ ಹೊಟ್ಟೆ ಉರಿದಿತ್ತು, ಯಾಕೆಂದರೆ ಅವರನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ ಹೇಳಿದರು: “ಹಿಂಬಾಗಿಲಿಗೆ ಬಿಗೀರಿ. ಲೋಕದಲ್ಲಿ ಎಲ್ಲಾ ಗಾಡಿಗೂ ಹಿಂದೇನೇ ಇರೋದು. ಲೋಕಕ್ಕೆ ಗೊತ್ತಿಲ್ವಾ?”

ಲೋಕಕ್ಕೆ ಗೊತ್ತಿತ್ತು, ಆ ಜೀಪಿನ ಹಿಂಬಾಗಿಲಿಗೆ ಗೊತ್ತಿರಲಿಲ್ಲ. ಅದರ ಕೀಲುಗಳು ತುಕ್ಕು ತಿಂದು ಹಪ್ಪಳವಾಗಿದ್ದವು. ಈ ಮಾತು ನಾನು ಹೇಳಬಹುದಿತ್ತು. ಆದರೆ ಗಿರಾಕಿ ಬ್ರಾಕೆಟ್ ಕೇಳಿದಾಗ ಬ್ರಾಕೆಟ್ ಕೊಡುವುದು ಅಂಗಡಿಯ ಧರ್ಮ. ಬೀದಿಯ ಏರಿನಲ್ಲಿ ಒಂದು ಹಳ್ಳ ಸಿಕ್ಕಿತು, ಬಾಗಿಲು ಟೈರಿನ ಸಮೇತ ಕಳಚಿತು. ಬಾಗಿಲು ಅಲ್ಲೇ ಮಲಗಿತು, ಟೈರು ಮಾತ್ರ ಇಳಿಜಾರಿನಲ್ಲಿ ಉರುಳುತ್ತ, ಜನ ಎರಡೂ ಕಡೆ ಸರಿದು ಮರ್ಯಾದೆಯಿಂದ ದಾರಿ ಬಿಡುತ್ತಿರಲು, ನೇರವಾಗಿ ಕಟಿಂಗ್ ಶಾಪಿನೊಳಗೆ ನುಗ್ಗಿತು. ಅರ್ಧ ಗಡ್ಡ ಹೋಗಿದ್ದ ಗಿರಾಕಿ ಮಿಕ್ಕ ಅರ್ಧವನ್ನು ಉಳಿಸಿಕೊಂಡು ಬೀದಿಗೆ ಓಡಿಬಂದ.

“ಒಳಗೇ ಮಲಗಿಸ್ಬಿಡಿ,” ಎಂದರು ಮೇಷ್ಟ್ರು ಆಮೇಲೆ, ದನಿ ತಗ್ಗಿಸಿ.

ಅದೂ ಸರಿಯೇ ಆಗುತ್ತಿತ್ತು. ಆದರೆ ಒಳಗೆ ಅತ್ತೆಗೆಂದು ಕೊಂಡ ಕೈಕುರ್ಚಿ ಹೋಗಬೇಕಿತ್ತು. ಅದಕ್ಕೆ ಟೇಲರಣ್ಣನೇ ಮೆತ್ತೆ ಹೊಲಿದಿದ್ದ. ಎರಡಕ್ಕೂ ಜಾಗವಿರಲಿಲ್ಲ. ಅಷ್ಟು ಹೊತ್ತಿಗೆ ಜೀಪಿನ ಮೈಯಲ್ಲಿ ಬೋಲ್ಟಿನ ತೂತುಗಳು ಎಷ್ಟಾಗಿದ್ದವೆಂದರೆ, ಅದನ್ನು ತಲೆಕೆಳಗು ಮಾಡಿದರೆ ಹಿಟ್ಟು ಜರಡಿ ಹಿಡಿಯಬಹುದಿತ್ತು.

ದಿನ ಹತ್ತಿರ ಬಂತು. ಹೆಂಡತಿ ಒಂದು ಮಧ್ಯಾಹ್ನ ಅವನ ಮಿಷನ್ನಿನ ಪಕ್ಕ ಚಹಾ ಇಟ್ಟು ಹೇಳಿದಳು: “ಅಮ್ಮಂಗೆ ಎಂಬತ್ತು ಒಂದೇ ಸಲ ತುಂಬೋದು ಕಣ್ರೀ. ನಿಮ್ಮ ಚಕ್ರ ಕೂರೋ ತನಕ ಅವಳೇನು ತಡ್ಕೊಂಡು ನಿಂತಿರಲ್ಲ.”

ಟೇಲರಣ್ಣ ನನ್ನ ಅಂಗಡಿಗೆ ಓಡಿಬಂದ. ಗಾಡಿಯ ತಳದ ಚಾಸಿಗೆ ಬೋಲ್ಟು ಹಾಕಿ ಕೂರಿಸುವ, ಬಾಗಿಲಿನ ಭಾರಕ್ಕೆ ಸಂಬಂಧವಿಲ್ಲದ, ಬೇಕಾದಾಗ ಪಕ್ಕಕ್ಕೆ ತಿರುಗುವ ಕಬ್ಬಿಣದ ತೋಳೊಂದಿದೆ. ಮೊದಲೇ ಅದನ್ನು ಕೊಟ್ಟಿದ್ದರೆ ಕತೆ ಮುಗಿಯುತ್ತಿತ್ತು, ನನ್ನ ಮೂರು ಬ್ರಾಕೆಟ್ ಮಾರಾಟವಾಗದೆ ಉಳಿಯುತ್ತಿದ್ದವು. ತರಿಸಿದೆ. ಹೊರಡುವ ದಿನ ಬೆಳಿಗ್ಗೆ ಬಂತು. ನಾನೇ ಹೊತ್ತುಕೊಂಡು ಹೋದೆ. ಅದು ಬೇರೆ ಜಾತಿಯ ಜೀಪಿನದು. ಅಷ್ಟೊಂದು ತೂತುಗಳಿರುವ ಗಾಡಿಯಲ್ಲಿ ಒಂದೇ ಒಂದು ತೂತೂ ಅದಕ್ಕೆ ಹೊಂದಲಿಲ್ಲ.

ನಾವಿಬ್ಬರೂ ಜೀಪಿನ ಕೆಳಗೆ ಮಲಗಿ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಾರ್ನ್ ಕೇಳಿತು. ಬಿಳಿ ಕಾರು. ಭಾವ ಗಾಜು ಇಳಿಸಿದ. ಮನೆಯ ಬಾಗಿಲಲ್ಲಿ ಹೆಂಡತಿ ಸಿದ್ಧವಾಗಿ ನಿಂತಿದ್ದಳು. ಅಣ್ಣನನ್ನು ನೋಡಿದಳು, ಮೆಟ್ಟಿಲು ಇಳಿಯಲಿಲ್ಲ.

“ಬಾರಮ್ಮ, ಹೊತ್ತಾಯ್ತು. ಅಮ್ಮ ಕಾಯ್ತಿರ್ತಾಳೆ,” ಎಂದ ಭಾವ. ಬೀದಿಯ ಜನ ಸೇರುತ್ತಿದ್ದರು. ಜನ ಸೇರಿದಷ್ಟೂ ಭಾವನಿಗೆ ಮಾತು ಬರುತ್ತದೆ. “ಏನ್ ಟೇಲರ್ರೇ, ಇನ್ನೂ ಜಾಗ ಸಿಗ್ಲಿಲ್ವಾ ಅದಕ್ಕೆ? ಪಾಪ, ಗಂಡಿಲ್ಲದ ಹೆಣ್ಣಿನ ಥರ ಮನೆಮನೆ ತಿರುಗ್ತಾ ಇದೆ. ಬೇಕಾದ್ರೆ ನನ್ನ ಡಿಕ್ಕೀಲಿ ಹಾಕಿ! ಇಡೀ ಡಿಕ್ಕಿ ಖಾಲಿ ಇದೆ. ಅದೂ ಗುಡ್ಡ ನೋಡ್ಕೊಂಡು ಬರ್ಲಿ!”

ಕಟಿಂಗ್ ಶಾಪಿನವನು ಗಹಗಹಿಸಿ ನಕ್ಕ. ಮೇಷ್ಟ್ರೂ ನಕ್ಕರು. ನನಗೂ ನಗು ಬಂತು, ಆದರೆ ಕೈಯಲ್ಲಿ ಮಾರಾಟವಾಗದ ತೋಳು ಇದ್ದುದರಿಂದ ನಗಲಿಲ್ಲ.

ಟೇಲರಣ್ಣ ಜೀಪಿನ ಕೆಳಗಿನಿಂದ ಎದ್ದು ಕೈ ಒರೆಸಿಕೊಂಡ. ಟೈರನ್ನೂ ಬಿಳಿ ಕಾರನ್ನೂ ಒಮ್ಮೆ ನೋಡಿದ.

“ಅದೂ ಸರೀನೇ ಭಾವ.”

ಸ್ಟೆಪ್ನಿಯನ್ನು ಉರುಳಿಸಿಕೊಂಡು ಹೋಗಿ, ಬಿಳಿ ಕಾರಿನ ಡಿಕ್ಕಿ ತೆಗೆದು, ಅದರ ಮೆತ್ತನೆಯ ಹಾಸಿನ ಮೇಲೆ ಕೆಸರಿನ ಸಮೇತ ಮಲಗಿಸಿ, ಮುಚ್ಚಳ ಹಾಕಿದ. ಹಿಂದಕ್ಕೆ ಬಂದು ಜೀಪಿನ ಡ್ರೈವರ್ ಸೀಟಿನಲ್ಲಿ ಕೂತ.

“ಎಲ್ರೀ ಹೊರಟ್ರಿ?” ಎಂದ ಭಾವ.

“ಅತ್ತೆ ಮನೆಗೆ. ನೀವು ಹಿಂದೇನೇ ಬನ್ನಿ ಭಾವ. ದಯವಿಟ್ಟು ಮುಂದೆ ಹೋಗ್ಬೇಡಿ. ದಾರೀಲಿ ಏನಾದ್ರೂ ಆದ್ರೆ ಟೈರು ನಿಮ್ಮತ್ರ ಇದೆ.”

ಇದನ್ನು ಅವನು ಚಮತ್ಕಾರವಾಗಿ ಹೇಳಿದನೋ, ಎಂದಿನ ಹಾಗೆ ಕೇಳಿದ ಸಲಹೆಗೆ ಹೂಂಗುಟ್ಟಿದನೋ, ಇವತ್ತಿಗೂ ನನಗೆ ತಿಳಿಯದು. ಭಾವ ಬೀದಿಯೆದುರು ಕೊಟ್ಟ ಮಾತನ್ನು ಬೀದಿಯೆದುರು ವಾಪಸು ತೆಗೆದುಕೊಳ್ಳುವುದು ಹೇಗೆ? ಅವನ ತಂಗಿ ಮೆಟ್ಟಿಲಿಳಿದು ಬಂದು, ಈಗ ಟೈರಿನ ಅಡ್ಡಿಯಿಲ್ಲದ ಬದಿಯಿಂದ ಸಲೀಸಾಗಿ ಹತ್ತಿ, ಮುಂದಿನ ಸೀಟಿನಲ್ಲಿ ಕೂತಳು. “ಸಾವ್ಕಾರ್ರೇ, ನೀವೂ ಹತ್ತಿ. ಕುರ್ಚಿ ಹಿಡ್ಕೊಳಕ್ಕೆ ಒಬ್ರು ಬೇಕು,” ಎಂದಳು. ನಾನು ಕುರ್ಚಿ ಹಿಡಿಯುವ ಬದಲು ಅದರಲ್ಲೇ ಕೂತೆ.

ಗುಡ್ಡದ ದಾರಿಯಲ್ಲಿ ಜೀಪು ಎಬ್ಬಿಸಿದ ಧೂಳೆಲ್ಲ ಹಿಂದಿನ ಕಾರಿಗೆ. ಅರ್ಧ ಏರುವಷ್ಟರಲ್ಲಿ ಅದು ಬಿಳಿ ಎಂದು ಹೇಳಲು ಸಾಕ್ಷಿ ಬೇಕಾಗಿತ್ತು. ಭಾವ ಹಾರ್ನ್ ಹೊಡೆದು ಮುಂದೆ ನುಗ್ಗಲು ನೋಡಿದ. ತಂಗಿ ತಿರುಗಿಯೂ ನೋಡದೆ ಕೈ ಹೊರಗೆ ಚಾಚಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದಳು. ಟೇಲರಣ್ಣ ಈ ಸಲ ಕಾಲು ಎತ್ತಿ ಹಿಡಿಯದೆ, ಎರಡನ್ನೂ ಪೆಡಲುಗಳ ಮೇಲೆ ಧಾರಾಳವಾಗಿ ಇಟ್ಟು ಓಡಿಸುತ್ತಿದ್ದ. ಒಂದು ಟೈರೂ ಪಂಕ್ಚರ್ ಆಗಲಿಲ್ಲ.

ಎಂಬತ್ತು ತುಂಬಿದ ಅಜ್ಜಿ ಗೇಟಿನಲ್ಲೇ ನಿಂತಿದ್ದರು. ಮಗಳು ಮುಂದಿನ ಸೀಟಿನಿಂದ ಇಳಿಯುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಜೀಪಿನ ಮೈ ಮುಟ್ಟಿದರು, ಒಂದು ತೂತಿನೊಳಗೆ ಬೆರಳಿಟ್ಟು ನೋಡಿದರು.

“ನಿಮ್ದೇನೇ ಇದು?”

“ನಮ್ದೇ ಅಮ್ಮ.”

ಅಷ್ಟರಲ್ಲಿ ತಿರುವಿನಾಚೆಯಿಂದ ಧೂಳಿನ ಮುದ್ದೆಯೊಂದು ಹಾರ್ನ್ ಮಾಡುತ್ತ ಬಂತು.

“ಹಿಂದೆ ಬರ್ತಿರೋದು ಏನೇ ಅದು?”

“ಅದಾ? ನಮ್ಮ ಸ್ಟೆಪ್ನಿ.”

“ಒಳ್ಳೇದಾಯ್ತು,” ಎಂದರು ಅಜ್ಜಿ, ಅಳಿಯನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತ. “ಈ ದಾರೀಲಿ ಅದೊಂದು ಹಿಂದೆ ಇರ್ಬೇಕಪ್ಪ.”