ಮೂರನೆಯ ತಟ್ಟೆಯ ಉರಿ

ಶಾಲೆಯ ಮಕ್ಕಳು ಅವಳಿಗೆ ಇಟ್ಟ ಹೆಸರು ಬೆಂಕಿ ಟೀಚರ್. ಅವಳು ತೀರಿಕೊಂಡು ಇವತ್ತಿಗೆ ಒಂದೂವರೆ ತಿಂಗಳು. ಅಂಥ ಹೆಸರು ಹೊತ್ತವಳಿಗೆ ಬೆಂಕಿಯೆಂದರೆ ಎಷ್ಟು ಭಯವಿತ್ತು ಎಂಬುದು ಅವಳ ಅಕ್ಕನಿಗೆ ಮತ್ತು ಒಬ್ಬಿಬ್ಬರು ಸ್ನೇಹಿತರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಲು ಶುರುಮಾಡಿದರೆ ಸಾಕು, ಅವಳು ಬಾಗಿಲಾಚೆ ಇರುತ್ತಿದ್ದಳು.

"ಶಾಲೇಲಿ ಬೆಂಕಿ ಜೊತೆ ಆಟ ಆಡ್ತೀಯ, ಮನೇಲಿ ಗ್ಯಾಸ್ ಹಚ್ಚೋಕೆ ನಾನು ಬೇಕಾ?" ಎಂದು ಅಕ್ಕ ಛೇಡಿಸುತ್ತಿದ್ದಳು.

"ಅಲ್ಲಿ ನಲವತ್ತು ಜನ ನೋಡ್ತಿರ್ತಾರೆ ಕಣೇ. ಓಡಿಹೋಗೋಕೆ ಆಗಲ್ಲ."

ಪುಸ್ತಕ ಓದಿಸಿದರೆ ಹುಡುಗಿಯರು ಆಕಳಿಸುತ್ತಿದ್ದರು. ಆ ಆಕಳಿಕೆಯನ್ನು ಅವಳು ಸಹಿಸಳು. ಹಾಗಾಗಿ ಸೋಡಾಪುಡಿ, ಬಲೂನು, ಬೇಯಿಸಿದ ಮೊಟ್ಟೆ, ಹಳೇ ಬಾಟಲಿಗಳು ಚೀಲ ತುಂಬಿ ಅವಳ ಜೊತೆ ಶಾಲೆಗೆ ಹೋಗುತ್ತಿದ್ದವು. ಯಾವುದನ್ನೂ ಮೊದಲು ಮೂರು ಸಲ ಮಾಡಿ ನೋಡದೆ ತರಗತಿಯಲ್ಲಿ ತೋರಿಸುತ್ತಿರಲಿಲ್ಲ. ಬೆಂಕಿಯದಾದರೆ ಇನ್ನೂ ಒಂದು ಕಟ್ಟಳೆ: ಉರಿದ ತಟ್ಟೆಗೆ ಮುಚ್ಚಳ ಹಾಕಿ, ಇಪ್ಪತ್ತು ಎಣಿಸಿ, ಆಮೇಲಷ್ಟೇ ಸ್ಪಿರಿಟ್ ಬಾಟಲಿ ಮುಟ್ಟಬೇಕು.

ಆ ದಿನ ಎಂಟನೇ ತರಗತಿಗೆ ಬಣ್ಣದ ಉರಿ ತೋರಿಸಬೇಕಿತ್ತು. ಮೂರು ಪುಟ್ಟ ತಟ್ಟೆ, ಮೂರರಲ್ಲೂ ಸ್ಪಿರಿಟ್. ಮೊದಲನೆಯದರಲ್ಲಿ ಉಪ್ಪು, ಎರಡನೆಯದರಲ್ಲಿ ಮೈಲುತುತ್ತ, ಮೂರನೆಯದು ಸಾದಾ. ಕಡ್ಡಿ ಗೀರುತ್ತಿದ್ದಂತೆ ಒಂದರಲ್ಲಿ ಹಳದಿ ಎದ್ದಿತು, ಇನ್ನೊಂದರಲ್ಲಿ ಹಸಿರು. ಮೂರನೆಯದಕ್ಕೂ ಹಚ್ಚಿದಳು. ಹುಡುಗಿಯರು "ಹೋ!" ಎಂದರು. ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತರು.

"ಮೇಡಂ, ಬೆಲ್ ಆಗಿ ಐದು ನಿಮಿಷ ಆಯ್ತು. ಇವರಿಗೆ ಇವತ್ತು ನನ್ನದೇ ಕೊನೇ ಪೀರಿಯಡ್ಡು. ಅದನ್ನೂ ಸುಟ್ಟು ಬೂದಿ ಮಾಡ್ಬೇಡಿ."

ತರಗತಿ ಗೊಳ್ಳೆಂದು ನಕ್ಕಿತು. ಅವಳ ಕಿವಿ ಕೆಂಪಾಯಿತು.

"ಮೇಡಂ, ಮೂರನೇದು ಆರಿಹೋಗಿದೆ!" ಎಂದು ಮೊದಲ ಬೆಂಚಿನಿಂದ ಒಬ್ಬಳು ಕೂಗಿದಳು. ಟೈಲರಮ್ಮನ ಮಗಳು, ಎರಡು ಜಡೆಯವಳು. ಬಿಸಿಲು ಕಿಟಕಿಯಿಂದ ನೇರ ಮೇಜಿನ ಮೇಲೆ ಬಿದ್ದಿತ್ತು. ಸಾದಾ ತಟ್ಟೆ ತಣ್ಣಗೆ ಕೂತಂತಿತ್ತು. ಟೀಚರ್ ಮುಚ್ಚಳ ಹಾಕಲಿಲ್ಲ, ಎಣಿಸಲಿಲ್ಲ. ಮತ್ತೆ ಸ್ಪಿರಿಟ್ ಸುರಿಯಲು ಬಾಟಲಿ ಎತ್ತಿ ಬಿರಡೆ ತೆಗೆದು ಬಗ್ಗಿಸತೊಡಗಿದಳು.

ಹಿಂದಿನ ಬೆಂಚಿನವಳೊಬ್ಬಳು ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದು ಗೊಣಗಿ, ಅದೇ ಹೊತ್ತಿಗೆ ಕಿಟಕಿಯ ಕದ ಎಳೆದುಕೊಂಡಳು. ಮೇಜಿನ ಮೇಲೆ ನೆರಳು ಬಿತ್ತು. ನೆರಳಲ್ಲಿ, ಆರಿದೆ ಅಂದುಕೊಂಡಿದ್ದ ತಟ್ಟೆಯಲ್ಲಿ, ಗೇಣುದ್ದದ ನೀಲಿ ಉರಿ ಸದ್ದಿಲ್ಲದೆ ನಿಂತಿತ್ತು. ಬಾಟಲಿಯ ಬಾಯಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ. ಇನ್ನೊಂದಿಷ್ಟು ಬಗ್ಗಿಸಿದ್ದರೆ ಉರಿ ಬಾಟಲಿಯೊಳಗೆ ಹೊಕ್ಕು, ಮೊದಲ ಬೆಂಚಿನ ಮುಖಗಳ ಮೇಲೆ ಚಿಮ್ಮುತ್ತಿತ್ತು.

ಬಾಟಲಿಯನ್ನು ನೆಟ್ಟಗೆ ಮಾಡಿ, ಬಿರಡೆ ಹಾಕಿ, ಹಿಂದಕ್ಕೆ ಇಟ್ಟಳು. ಹುಡುಗಿಯರು ಮಾತ್ರ ಚಪ್ಪಾಳೆ ತಟ್ಟುತ್ತಿದ್ದರು. "ಆರಿದ್ದು ಮತ್ತೆ ಹತ್ಕೊಳ್ತು! ಬಾಟ್ಲಿ ತೋರಿಸಿದ್ರೆ ಸಾಕು, ಹತ್ಕೊಳ್ಳುತ್ತೆ!" ಇದು ಮೇಡಂ ಮಾಡಿದ ಮ್ಯಾಜಿಕ್ ಎಂದೇ ಅವರು ತಿಳಿದಿದ್ದರು. ಅವಳು ಅವರನ್ನು ತಿದ್ದಲಿಲ್ಲ. ಮೇಷ್ಟ್ರು ಒಳಗೆ ಬಂದೇಬಿಟ್ಟರು. ಅವಳು ತಟ್ಟೆಗಳನ್ನು ಮುಚ್ಚಿ, ಬಾಚಿಕೊಂಡು ಹೊರಟಳು.

ಶಾಲೆ ಬಿಟ್ಟ ಮೇಲೆ ಗೇಟಿನಲ್ಲಿ ಎರಡು ಜಡೆಯವಳು ಓಡುತ್ತಲೇ ಕೂಗಿದಳು: "ಮೇಡಂ, ಅಜ್ಜಿಗೆ ಇಂಜೆಕ್ಷನ್ ಕೊಡೋಕೆ ತಂದ ಸ್ಪಿರಿಟ್ ಮನೇಲಿದೆ! ತಂಗಿಗೆ ನಿಮ್ಮ ಮ್ಯಾಜಿಕ್ ತೋರಿಸ್ತೀನಿ!"

"ಏಯ್, ನಿಲ್ಲೇ!" ಅನ್ನುವಷ್ಟರಲ್ಲಿ ಹುಡುಗಿ ತಿರುವಿನಲ್ಲಿ ಮಾಯ.

ಟೈಲರಮ್ಮನ ಮನೆ ಎಲ್ಲೋ ಬ್ಯಾಂಕಿನ ಹಿಂದೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಅವಳು ಓಡಿದಳು. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಕೈಯಲ್ಲಿ ಹಿಡಿದು ಓಡಿದಳು. ಒಂದು ತಪ್ಪು ಗಲ್ಲಿಗೆ ನುಗ್ಗಿ, ಗೋಡೆ ಎದುರಾಗಿ, ವಾಪಸ್ಸು ಬಂದಳು. ಎಲ್ಲಿಂದಲೋ ಸುಟ್ಟ ವಾಸನೆ ಬಂದಾಗ ಅತ್ತ ತಿರುಗಿ ಓಡಿದಳು. ಯಾರೋ ಒಣಗಿದೆಲೆಗೆ ಬೆಂಕಿ ಹಾಕಿದ್ದರು. ಹೊಲಿಗೆ ಮೆಷಿನ್ನಿನ ಸದ್ದು ಕೇಳಿದ ಬಾಗಿಲಿಗೆ ನುಗ್ಗಿ, "ಮಗಳೆಲ್ಲಿ?" ಎಂದಳು. ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ ಹಿತ್ತಲ ಕಡೆ ಕತ್ತು ಹೊರಳಿಸಿದಳು.

ಹಿತ್ತಲ ಮೆಟ್ಟಿಲ ಮೇಲೆ, ಸಂಜೆ ಬಿಸಿಲಿನಲ್ಲಿ ಒಂದು ಸ್ಟೀಲ್ ತಟ್ಟೆ. ಐದು ವರ್ಷದ ತಂಗಿ ಮಂಡಿಯೂರಿ ಮೂತಿ ತಟ್ಟೆಯತ್ತ ಚಾಚಿತ್ತು. "ಆರೋಯ್ತು ಅಕ್ಕ, ಹಾಕೇ, ಇನ್ನೂ ಹಾಕೇ." ಅಕ್ಕನ ಕೈಯಲ್ಲಿ ಬಿರಡೆ ತೆಗೆದ ಬಾಟಲಿ.

ಕಿರುಚಿದರೆ ಬೆಚ್ಚಿ ಬಗ್ಗಿಸಿಬಿಡುತ್ತಾಳೆ. ಟೀಚರ್ ಉಳಿದಿದ್ದ ಅಷ್ಟೂ ಉಸಿರನ್ನು ಕೂಡಿಸಿ, ಹಾಜರಿ ಕರೆಯುವ ದನಿಯಲ್ಲಿ ಹೇಳಿದಳು:

"ಬಾಟ್ಲಿಗೆ ಬಿರಡೆ ಹಾಕು ಪುಟ್ಟಾ. ಹಾಂ. ಈಗ ಹಿಂದೆ ಬಾ. ತಂಗೀನೂ ಎಳ್ಕೊಂಡು ಬಾ."

ಇಬ್ಬರೂ ಬಂದರು. ತಾಯಿ ಹಿಂದೆಯೇ ಬಂದು ನಿಂತಿದ್ದಳು. ಟೀಚರ್ ಒಂದು ಒಣ ಕಡ್ಡಿಯನ್ನು ದೂರದಿಂದ ತಟ್ಟೆಯ ಮೇಲೆ ಚಾಚಿದಳು. ಏನೂ ಕಾಣದ ಗಾಳಿಯಲ್ಲಿ ಕಡ್ಡಿಯ ತುದಿ ಭಗ್ಗೆಂದು ಹತ್ತಿಕೊಂಡಿತು. ಚಿಕ್ಕದು ಅಮ್ಮನ ಸೆರಗಿಗೆ ಮುಖ ಹುದುಗಿಸಿತು.

"ಅದು ಮ್ಯಾಜಿಕ್ ಅಲ್ಲ ಕಂದ. ನನ್ನ ತಪ್ಪು. ನಿನ್ನ ಮುಖ ತರಗತೀಲೇ ಸುಟ್ಟುಹೋಗ್ತಿತ್ತು ಇವತ್ತು, ನನ್ನ ಕೈಯಿಂದ."

ಟೈಲರಮ್ಮ ಮಗಳ ಕೈಯಿಂದ ಬಾಟಲಿ ಕಿತ್ತುಕೊಂಡಳು. ಆಮೇಲೆ, "ನಾಳೆಯಿಂದ ಇದನ್ನೆಲ್ಲ ನಿಲ್ಲಿಸ್ತೀರಾ, ಇಲ್ಲಾ ನಾನು ಹೆಡ್‌ಮಾಸ್ಟರ ಹತ್ರ ಹೋಗ್ಲಾ?" ಎಂದಳು.

"ನಾಳೆ ಮೊದಲನೇ ಪೀರಿಯಡ್ಡಿಗೆ ಬನ್ನಿ. ನಲವತ್ತೂ ಮಕ್ಕಳ ಮುಂದೆ ಹೇಳ್ತೀನಿ. ಕೇಳಿದ ಮೇಲೂ ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀನಿ."

ಮರುದಿನ ಟೈಲರಮ್ಮ ಬಂದಳು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಬೆಂಕಿ ಟೀಚರ್ ಏನನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ನಗಿಸಿದ್ದಕ್ಕೆ ಅವಸರಪಟ್ಟೆ ಎಂದೂ ಹೇಳಿದಳು. ಸಾದಾ ತಟ್ಟೆಯನ್ನು ಬಿಸಿಲಿನಲ್ಲಿಟ್ಟು ಹಚ್ಚಿ ತೋರಿಸುವಾಗ ಮೂರು ಕಡ್ಡಿ ಮುರಿದವು. ಯಾರೂ ನಗಲಿಲ್ಲ.

ಮುಗಿದ ಮೇಲೆ ಟೈಲರಮ್ಮ ಎದ್ದು, "ನಿಲ್ಲಿಸೋದು ಬೇಡ. ಆದ್ರೆ ಬಣ್ಣ ಆಮೇಲೆ ತೋರ್ಸಿ, ಈ ಕಾಣದ್ದನ್ನ ಮೊದಲು ತೋರ್ಸಿ" ಎಂದು ಹೇಳಿ ಹೊರಟುಹೋದಳು.

ಆಮೇಲೆ ಹದಿಮೂರು ವರ್ಷ ಅವಳು ಹಾಗೆಯೇ ಮಾಡಿದಳು. ಪ್ರತಿ ವರ್ಷ ಆ ಪಾಠದ ದಿನ ಬೆಳಿಗ್ಗೆ ಭಯಕ್ಕೆ ತಿಂಡಿ ತಿನ್ನುತ್ತಿರಲಿಲ್ಲ. "ಒಂದು ತುತ್ತಾದ್ರೂ ತಿನ್ನೇ" ಎಂದು ಅಕ್ಕ ತಟ್ಟೆ ಹಿಡಿದು ಬೀದಿಬಾಗಿಲವರೆಗೂ ಹಿಂದೆ ಬರುತ್ತಿದ್ದಳು.