ಪ್ರಿನ್ಸಿಪಾಲರ ಉಪವಾಸ

ಶುಭ ಶುಕ್ರವಾರದ ಬೆಳಿಗ್ಗೆ ಕೂಡ್ಲಿಗಿಯ ಆ ಸಣ್ಣ ಚರ್ಚಿನಲ್ಲಿ ಎಲ್ಲರಿಗಿಂತ ಹೆಚ್ಚು ಹಸಿದವನಂತೆ ಕಾಣುತ್ತಿದ್ದವನು ಕ್ರಾಂತಿಕುಮಾರ. ಕಾರಣ ಸರಳ. ಮಧ್ಯಾಹ್ನ ಮೂರರ ತನಕ ಎಲ್ಲರೂ ಉಪವಾಸವಿರುವ ಆ ದಿನ ಅಲ್ಲಿ ಹೊಟ್ಟೆ ತುಂಬ ತಿಂದು ಬಂದಿದ್ದವನು ಅವನೊಬ್ಬನೇ. ಬಸ್‌ಸ್ಟ್ಯಾಂಡಿನ ಹಿಂದಿನ ಹೋಟೆಲಿನಲ್ಲಿ, ಬೀದಿಗೆ ಬೆನ್ನು ಹಾಕಿ ಕೂತು, ನಾಲ್ಕು ಇಡ್ಲಿ, ಒಂದು ವಡೆ, ಮೇಲೊಂದು ಚಹಾ. ಬಾಯಿ ತೊಳೆದು, ಕಣ್ಣನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡು ಚರ್ಚಿಗೆ ಬಂದಿದ್ದ.

ಅವನು ತಾಲೂಕು ಕಚೇರಿಯಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಚಳವಳಿಯಲ್ಲಿ ಓಡಾಡಿದ ಅಪ್ಪ ರಾಮಣ್ಣ ಮಗನಿಗೆ ಆ ಹೆಸರಿಟ್ಟಿದ್ದ. ಮಗನೋ ಸಾಹೇಬರು ಬೈದರೆ ನಕ್ಕು, ಸರ್ವರ್ ಬಿದ್ದರೆ ಖುಷಿಪಟ್ಟು, ಸಂಬಳ ತಡವಾದರೆ ಮನೆಯವರ ಮೇಲೆ ರೇಗುವಷ್ಟಕ್ಕೇ ಕ್ರಾಂತಿಯನ್ನು ಮುಗಿಸಿಕೊಂಡಿದ್ದ. ಅಮ್ಮನ ಕಡೆಯಿಂದ ಬಂದ ಚರ್ಚಿನಲ್ಲಿ ಈ ವರ್ಷ ಅವನು ಯುವಜನ ಕಾರ್ಯದರ್ಶಿ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಐದನೆಯದರ ಬಗ್ಗೆ, ಎಂದರೆ ನೀರಡಿಕೆಯ ಬಗ್ಗೆ, ಇವತ್ತು ಅವನೇ ಮಾತಾಡಬೇಕಿತ್ತು. ಒಣತುಟಿ ಸವರಿಕೊಳ್ಳುವುದನ್ನು ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸ ಮಾಡಿದ್ದ.

ಅವನನ್ನು ಕಾರ್ಯದರ್ಶಿ ಮಾಡಿದವರು ಓಬಳೇಶ್ ಸರ್. ಅವರಿಗೆ ಇಲ್ಲ ಎನ್ನುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಇನ್ನೂ 'ಪ್ರಿನ್ಸಿಪಾಲ್ರು'. ಕಾಲೇಜಿನಲ್ಲಿದ್ದಾಗ ಗೇಟಿನ ಬಳಿ ಒಂದು ಮಾತೂ ಆಡದೆ ನಿಲ್ಲುತ್ತಿದ್ದರು. ತಡವಾಗಿ ಬಂದ ಹುಡುಗರು ತಾವಾಗಿಯೇ ಹಿಂದಕ್ಕೆ ಹೋಗುತ್ತಿದ್ದರು. ಸೇರ್ಪಡೆಗೆ ಬಂದ ಪ್ರತಿಯೊಬ್ಬರ ರಕ್ತದ ಗುಂಪನ್ನೂ ಪರೀಕ್ಷೆ ಮಾಡಿಸುತ್ತಿದ್ದರು. ಆಗ ಅದನ್ನು ಹುಚ್ಚು ಎಂದು ನಕ್ಕವರೇ ಈಗ ಹಡಗಲಿ, ಹಗರಿಬೊಮ್ಮನಹಳ್ಳಿಗಳಿಂದ ಅವರಿಗೆ ಫೋನ್ ಮಾಡುತ್ತಿದ್ದರು. ಯಾವ ಊರಿನಲ್ಲಿ ಯಾವ ಹಳೆಯ ವಿದ್ಯಾರ್ಥಿಯ ಮೈಯಲ್ಲಿ ಎಂಥ ರಕ್ತ ಹರಿಯುತ್ತದೆ ಎನ್ನುವುದು ಸರ್ ತಲೆಯಲ್ಲಿತ್ತು. ಶನಿವಾರ ಚರ್ಚಿನ ಕಸ ಗುಡಿಸುವುದು, ಉಳಿದ ದಿನ ಹಳೇ ಓಮ್ನಿ ವ್ಯಾನಿನಲ್ಲಿ ರೋಗಿಗಳನ್ನು ಹೊತ್ತು ತಿರುಗುವುದು, ಇದೇ ಅವರ ನಿವೃತ್ತಿ. ಕಾಯಿಲೆಯವರು ಗುಡಿಗೆ ಹೋಗುವವರೋ ಮಸೀದಿಗೆ ಹೋಗುವವರೋ ಎಂದು ಅವರು ಕೇಳಿದ್ದನ್ನು ಯಾರೂ ಕಂಡಿಲ್ಲ. ಆದರೆ ವ್ಯಾನಿಗೆ ಚಪ್ಪಲಿ ಒರೆಸಿಕೊಂಡು ಹತ್ತದಿದ್ದರೆ ಹೆರಿಗೆ ನೋವಿನವಳನ್ನೂ ಗದರುತ್ತಿದ್ದರು.

ಮೂರನೆಯ ಮಾತು ನಡೆಯುತ್ತಿತ್ತು. ಸರ್ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಆರಾಧನೆಯ ಹೊತ್ತಲ್ಲಿ ಫೋನ್ ಬಂದ್ ಮಾಡದಿರಲು ಸಭಾಪಾಲಕರು ಅನುಮತಿ ಕೊಟ್ಟಿದ್ದುದು ಅವರೊಬ್ಬರಿಗೇ. ಹೊರಗೆ ಹೋದರು, ಬಂದರು, ನೇರವಾಗಿ ಕ್ರಾಂತಿಯ ಬೆಂಚಿನ ಪಕ್ಕ ನಿಂತರು. ಗೇಟಿನ ಬಳಿ ನಿಲ್ಲುತ್ತಿದ್ದ ಹಾಗೆಯೇ. ಕ್ರಾಂತಿ ಎದ್ದು ಹಿಂದೆ ನಡೆದ.

"ನಿಂದು ಓ ನೆಗೆಟಿವ್" ಎಂದರು ಹೊರಗೆ ಬಂದು.

ಕಾಲೇಜಿನಲ್ಲಿ ಬರೆಸಿದ ಅದನ್ನು ಸರ್ ಮರೆತಿರಲಿ ಎಂದು ಅವನು ವರ್ಷಗಟ್ಟಲೆ ಆಸೆಪಟ್ಟಿದ್ದ. ಸೂಜಿ ಎಂದರೆ ಅವನಿಗೆ ಅಂಗಾಲು ಬೆವರುತ್ತಿತ್ತು.

"ಹೌದ್ರಿ ಸರ್. ಆದ್ರ ನಾನು..."

"ತೆಲಿಗಿ ಹುಲುಗೇಶ ಗೊತ್ತಲ್ಲ, ನಿನಗಿಂತ ಎರಡು ವರ್ಷ ಮುಂದಿದ್ದ. ಅವನ ಹೆಂಡ್ತಿ ದುರ್ಗಾ ಹರಪನಹಳ್ಳ್ಯಾಗ ಹಡದಾಳ. ರಕ್ತ ನಿಲ್ಲವಲ್ದು. ಒಂದು ಬಾಟ್ಲಿ ಸಿಕ್ಕು ಏರಿಸ್ಯಾರ, ಇನ್ನೊಂದು ಬೇಕಾ ಬೇಕು. ನಿನ್ನ ಗುಂಪಿನ ಪಾಲಾಕ್ಷ ಹೋದ ತಿಂಗಳ ಕೊಟ್ಟಾನ. ಅಂಜಿನೇಯಲು ಊರಾಗಿಲ್ಲ. ಉಳಿದಾಂವ ನೀನ. ತಗದ ಮ್ಯಾಲೆ ಪರೀಕ್ಷಾ ಮಾಡಾಕೂ ಹೊತ್ತು ಹಿಡೀತೈತಿ. ನಡಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ತಡಿ. ಉಪಾಸ ಇದ್ದವನ ರಕ್ತ ತಗಳಂಗಿಲ್ಲ. ನೀ ಉಣ್ಣಬೇಕು."

ತಿಂದಿದ್ದೇನೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ಕ್ರಾಂತಿ ಬಾಯಿ ತೆರೆದ. ಸರ್ ಹೆಂಡತಿ ರಮಾ ಟೀಚರ್ ಅಷ್ಟರಲ್ಲಿ ಚೀಲ ಹಿಡಿದು ಬಂದರು. ಸರ್ ಅದರಿಂದ ಒಂದು ಬಾಳೆಹಣ್ಣು ತೆಗೆದು, ತಾವೇ ಸುಲಿದು, ಅವನ ಕೈಗಿಟ್ಟರು.

"ತಿನ್ನು. ಒಂದು ಜೀವದ ಸಲುವಾಗಿ ಮುರೀತಿದ್ದಿ. ಪಾಪ ಇದ್ರ ನನ್ನ ಮ್ಯಾಲಿರ್ಲಿ." ಅವರ ಕಣ್ಣು ಒದ್ದೆಯಾಗಿದ್ದವು.

ಕ್ರಾಂತಿ ತಿಂದ. ಅಷ್ಟೇ ಅಲ್ಲ, ತಲೆ ತಗ್ಗಿಸಿ, ಕಷ್ಟಪಟ್ಟು ನುಂಗುವವನಂತೆ ತಿಂದ. ನಟನೆಯಲ್ಲಿ ಅವನಿಗೆ ಯಾವತ್ತೂ ಸೋಲಾದದ್ದಿಲ್ಲ.

ಅವನು ವ್ಯಾನಿನಲ್ಲಿ ಕೂತಾಗ ರಮಾ ಟೀಚರ್ ಕಿಟಕಿಗೆ ಬಗ್ಗಿ ಚೀಲವನ್ನು ತೊಡೆಯ ಮೇಲಿಟ್ಟು ಪಿಸುಗುಟ್ಟಿದರು: "ನಿಮ್ಮ ಸರ್ ಸಕ್ರಿ ಬ್ಯಾನಿ ಗುಳಿಗಿ ನುಂಗ್ಯಾರಪ್ಪ ಬೆಳಿಗ್ಗಿ. ಗುಳಿಗಿ ಊಟಲ್ಲ ಅಂತ ಅವರ ಲೆಕ್ಕ. ಡಾಕ್ಟ್ರು ಬ್ಯಾರೆ ಈ ಸಲ ಗುಳಿಗಿ ಜಾಸ್ತಿ ಮಾಡ್ಯಾರ. ಪ್ರತಿ ವರ್ಷ ಕುಂತಲ್ಲೇ ಕುಂತಿರ್ತಿದ್ರು, ಹೆಂಗೋ ನಡೀತಿತ್ತು. ಬೆವರಿದ್ರ, ಕೈ ನಡುಗಿದ್ರ ಬಿಸ್ಕೀಟ್ ಕೊಡು. ಬೈತಾರ, ಬೈಸ್ಕ್ಯಾ."

ಬೇರೆ ಯಾರಾದರೂ ಓಡಿಸಲಿ ಎನ್ನಲೂ ಹೊತ್ತಿರಲಿಲ್ಲ. ಆ ಓಮ್ನಿಯ ಸ್ಟೇರಿಂಗನ್ನು ಸರ್ ಯಾರಿಗೂ ಬಿಟ್ಟವರೂ ಅಲ್ಲ.

ಕೊಟ್ಟೂರಿನವರೆಗೆ ಎಲ್ಲ ಸರಿಯಿತ್ತು. ಕ್ರಾಂತಿಯ ಹೊಟ್ಟೆಯಲ್ಲಿ ಇಡ್ಲಿಗಳ ಮೇಲೆ ಬಾಳೆಹಣ್ಣು ಕೂತು ನಿಟ್ಟುಸಿರು ಬಿಡುತ್ತಿತ್ತು. ಸರ್ ತಮ್ಮ ಫೋನನ್ನು ಅವನ ಕೈಗೆ ಕೊಟ್ಟಿದ್ದರು, ಹುಲುಗೇಶ ಎರಡು ಸಲ ಫೋನ್ ಮಾಡಿದ. ಎರಡನೆಯ ಸಲ ಅವನು ಮಾತೇ ಆಡಲಿಲ್ಲ, ಅತ್ತ. "ಬಂದ್ವಿ ಅಂತ ಹೇಳು" ಎಂದರು ಸರ್. ಕ್ರಾಂತಿ ಹೇಳಿದ.

ಸರ್ ಸುಮ್ಮನಿರುವ ಜನ. ಅವತ್ತು ಮಾತಾಡಿದರು.

"ನಮ್ಮವ್ವ ಮಾಳಮ್ಮ ಕೂಲಿಗೆ ಹೋಗಾಕಿ. ಸೇಂಗಾ ಕೀಳಾಕ, ಜ್ವಾಳದ ತೆನಿ ಮುರಿಯಾಕ. ಮನ್ಯಾಗ ಉಪಾಸ ಹೊಸದಲ್ಲ. ವಾರದಾಗ ಎರಡು ಸಂಜಿ ನೀರು ಕುಡುದು ಮಲಗೋದ. ಆದ್ರ ಈ ಶುಕ್ರವಾರ ಒಂದಿನ, ಹೆಂಗಾರ ಮಾಡಿ ಮನ್ಯಾಗ ರೊಟ್ಟಿ ಇರಂಗ ನೋಡ್ಕೊಂತಿದ್ಲು. ರೊಟ್ಟಿ ಸುಟ್ಟು, ಪುಟ್ಟ್ಯಾಗ ಮುಚ್ಚಿಟ್ಟು, ಅದರ ಮುಂದ ಕುಂತು ಉಪಾಸ ಮಾಡ್ತಿದ್ಲು. ಯಾಕವ್ವಾ ಅಂದ್ರ, ಉಳಿದ ದಿನ ಇಲ್ದಕ್ಕ ಉಣಂಗಿಲ್ಲ ಓಬಳೇಶ, ಇವತ್ತು ಇದ್ದು ಉಣಂಗಿಲ್ಲ, ಇವತ್ತು ನಾನೂ ಸಾಹುಕಾರ್ತಿ ಅಂತಿದ್ಲು."

ಕ್ರಾಂತಿ ತೊಡೆಯ ಮೇಲಿನ ಚೀಲವನ್ನು ಸರಿಮಾಡಿಕೊಂಡ.

"ಆಕಿ ಸತ್ತ ವರ್ಷದಿಂದ ನಾ ಒಂದೂ ಬಿಟ್ಟಿಲ್ಲ. ಅದಕ್ಕ ನಿನ್ನ ಕೈಯಾಗ ಹಣ್ಣು ಕೊಡಬೇಕಾದ್ರ ನನಗ ಸಂಕಟಾತು. ನೀ ದೊಡ್ಡ ಮನಸು ಮಾಡಿದಿ."

ವ್ಯಾನಿನ ಬಾಗಿಲು ತೆರೆದು ಹಾರಿಬಿಡುವುದು ಹೆಚ್ಚು ಗೌರವದ ಕೆಲಸ ಎನಿಸಿತು ಕ್ರಾಂತಿಗೆ.

ಕೊಟ್ಟೂರು ದಾಟಿ ಸ್ವಲ್ಪ ಹೊತ್ತಿನಲ್ಲೇ ಅವನು ಮೊದಲು ನೋಡಿದ್ದು ಬೆವರನ್ನು. ಏಪ್ರಿಲ್ ಬಿಸಿಲು, ಎಲ್ಲರೂ ಬೆವರುತ್ತಾರೆ ಎಂದುಕೊಂಡ. ಆದರೆ ಸರ್ ಅಂಗಿ ಬೆನ್ನಿಗೆ ಅಂಟಿ ಕಪ್ಪಾಗಿತ್ತು. ಸ್ಟೇರಿಂಗ್ ಮೇಲಿನ ಬೆರಳುಗಳು ಕುಣಿಯುತ್ತಿದ್ದವು.

"ಸರ್, ಒಂದು ಬಿಸ್ಕೀಟ್..."

"ಮುಚ್ಚು ಬಾಯಿ." ಸರ್ ಯಾರಿಗೂ ಹಾಗೆ ಅಂದವರಲ್ಲ.

"ಸರ್, ಗಾಡಿ ನಿಲ್ಲಸ್ರಿ."

"ಹುಲುಗೇಶನ ಹೆಂಡ್ತಿ..." ಎಂದರು. ಮುಂದಿನ ಮಾತು ನಾಲಿಗೆಯಲ್ಲಿ ತೊಡರಿತು. ವ್ಯಾನು ಮೆಲ್ಲನೆ, ಯಾವ ಅವಸರವೂ ಇಲ್ಲದೆ, ರಸ್ತೆಯ ಬಲಕ್ಕೆ ಹೊರಳಿತು. ಎದುರಿನಿಂದ ಈರುಳ್ಳಿ ಲಾರಿ ಬರುತ್ತಿತ್ತು. ಲಾರಿಯವನು ಹಾರ್ನ್ ಒತ್ತಿದ, ಬಿಡಲೇ ಇಲ್ಲ. ಸರ್ ಅದನ್ನು ನೋಡುತ್ತಿದ್ದರು, ಆದರೆ ಕಂಡವರಂತಿರಲಿಲ್ಲ.

ಕ್ರಾಂತಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಜೇಬಿನಲ್ಲಿ ಲೈಸೆನ್ಸ್ ಇತ್ತು. ಅದು ಏಜೆಂಟನ ಕೃಪೆ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಎಡಕ್ಕೆ ಎಳೆದ. ಲಾರಿಯ ಗಾಳಿ ವ್ಯಾನನ್ನು ಅಲುಗಿಸಿ ಹೋಯಿತು. ಇನ್ನೂ ಉರುಳುತ್ತಲೇ ಇದ್ದ ವ್ಯಾನನ್ನು ನಿಲ್ಲಿಸುವ ಬಗೆ ತಿಳಿಯದೆ ಅವನು ಬಾಯಿಗೆ ಬಂದದ್ದನ್ನು ಕೂಗಿದ.

"ಸರ್, ನಾ ಉಪಾಸ ಇರ್ಲಿಲ್ರೀ! ಬೆಳಿಗ್ಗಿನ ನಾಕು ಇಡ್ಲಿ ತಿಂದಿದ್ದೆ! ವಡಿನೂ ತಿಂದಿದ್ದೆ!"

ಸರ್ ಕಾಲು ಬ್ರೇಕಿನ ಮೇಲೆ ಬಿತ್ತು. ಪಾಠ ನಡೆಯುವಾಗ ಹಿಂದಿನ ಬೆಂಚಿನಿಂದ ಏನೋ ಕೇಳಿಸಿದ ಮೇಷ್ಟ್ರಂತೆ, ಇದ್ದಕ್ಕಿದ್ದಂತೆ. ವ್ಯಾನು ಮುಗ್ಗರಿಸಿ ಮಣ್ಣಿನಲ್ಲಿ ನಿಂತು ಬಂದ್ ಆಯಿತು.

"ಏನಂದಿ?"

"ತಿಂದಿದ್ದೆ ಸರ್. ಚಹಾನೂ."

"ಹಣ್ಣು ತಿನ್ನಬೇಕಾದ್ರ ಅಳಾ ಮಾರಿ ಮಾಡಿದ್ದಿ."

"ಹೌದ್ರಿ."

ಸರ್ ಕಣ್ಣಲ್ಲಿ ಸಿಟ್ಟು ಬಂತು, ಹೋಯಿತು. ಅದನ್ನು ಹಿಡಿದಿಟ್ಟುಕೊಳ್ಳಲು ಅವರಲ್ಲಿ ತ್ರಾಣ ಇರಲಿಲ್ಲ. ಚಾವಿ ತಿರುಗಿಸಲು ನೋಡಿದರು. ಬೆರಳು ಚಾವಿಯನ್ನು ತಪ್ಪಿ ತಪ್ಪಿ ಹೋದವು.

ಒಂದು ಬೈಕು ನಿಂತಿತು. ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಗಟ್ಟಿಮುಟ್ಟಾದ ಮನುಷ್ಯ ಇಳಿದು ಬಂದ. "ಲಾರಿಗೆ ಹೊಡಿಯೋದೊಂದ ಬಾಕಿ ಇತ್ತು ನೋಡ್ರಿ. ಏನಾತ್ರೀ ಯಜಮಾನ್ರ?"

ಕ್ರಾಂತಿ ಕೆಳಗಿಳಿದು ಎರಡು ಮಾತಿನಲ್ಲಿ ಹೇಳಿದ. ಬಂದವನ ಹೆಸರು ಬೀರಲಿಂಗೇಶ್. "ಟ್ರ್ಯಾಕ್ಟರ್ ಹೊಡಿತೀನಿ, ಇದನ್ನ ಹೊಡಿಲಾರ್ನೇನು? ಬೈಕ್ ಇಲ್ಲೇ ಇರ್ಲಿ. ಬರ್ರಿ, ಆ ಕಡಿ ಸರಕಳ್ರಿ" ಎಂದ.

ಸರ್ ಹೇಗೋ ಪಕ್ಕದ ಸೀಟಿಗೆ ಸರಿದರು. "ಹತ್ತಲೇ ಕ್ರಾಂತಿ. ಹೊತ್ತಾತು."

ಕ್ರಾಂತಿ ಹತ್ತಲಿಲ್ಲ. ಬಿಸ್ಕೀಟಿನ ಪೊಟ್ಟಣ ಹರಿದು ಕಿಟಕಿಯಲ್ಲಿ ಕೈ ಚಾಚಿ ನಿಂತ. "ಮೊದಲು ಇದನ್ನ ತಿನ್ರಿ."

"ಮೂರು ಗಂಟಿ ಆಗ್ಲಿ."

"ಅಷ್ಟೊತ್ತಿಗೆ ನೀವಿರಂಗಿಲ್ಲ ಸರ್."

"ಅಲ್ಲೊಬ್ಬಾಕಿ ಸಾಯಾಕ ಹತ್ಯಾಳ. ಹತ್ತು ಅಂದೆ."

"ನೀವು ತಿನ್ನಾತನಕ ಹತ್ತಂಗಿಲ್ರಿ. ರಕ್ತ ನನ್ನ ಮೈಯಾಗ ಐತಿ. ಮೈ ಇಲ್ಲೇ ನಿಂತೈತಿ."

ಜನ್ಮದಲ್ಲಿ ಅವನು ಯಾರಿಗೂ ಆಗುವುದಿಲ್ಲ ಎಂದವನಲ್ಲ. ಕಚೇರಿಯಲ್ಲಿ ಟೀ ತರುವವನೂ ಅವನ ಕುರ್ಚಿ ಕೇಳಿ ಪಡೆಯುತ್ತಿದ್ದ. ಸರ್ ಇನ್ನೊಂದು ಸಲ ಗದರಿದ್ದರೆ ಹತ್ತಿಯೇಬಿಡುತ್ತಿದ್ದ. ಅವನ ಕೈಯಲ್ಲಿದ್ದ ಸರ್ ಫೋನು ಮತ್ತೆ ಬಡಿದುಕೊಂಡಿತು. ಹುಲುಗೇಶ. ಮೂವರೂ ಆ ಹೆಸರನ್ನು ನೋಡಿದರು. ಕ್ರಾಂತಿ ಫೋನ್ ಎತ್ತಲಿಲ್ಲ.

"ಹೊಡಿತೀನಿ ನೋಡು ನಿನ್ನ" ಎಂದರು ಸರ್, ಬಹಳ ಸಣ್ಣ ದನಿಯಲ್ಲಿ.

"ಹೊಡೀರಿ ಸರ್. ತಿಂದು ಹೊಡೀರಿ, ಈಗ ಕೈ ಏಳಂಗಿಲ್ಲ."

ಬೀರಲಿಂಗೇಶ್ ಕಿಸಕ್ಕನೆ ನಕ್ಕು, ಮತ್ತೆ ಗಂಭೀರನಾದ.

ಸರ್ ಪೊಟ್ಟಣವನ್ನೇ ನೋಡುತ್ತ ಕೂತರು. ಫೋನು ಸುಮ್ಮನಾಯಿತು. ರಸ್ತೆಯ ಮೇಲೆ ಬಿಸಿಲು ಕುದಿಯುತ್ತಿತ್ತು. "ಅವ್ವ ಉಪಾಸ ಯಾರ ಬಲವಂತಕ್ಕೂ ಮಾಡ್ಲಿಲ್ಲ" ಎಂದರು ತಮಗೇ. ಆಮೇಲೆ ಕ್ರಾಂತಿಯತ್ತ ತಿರುಗಿ, "ನೀ ಹೇಳಿದ್ದಕ್ಕ ಅಂತ ತಿಳೀಬ್ಯಾಡ" ಎಂದು ತಾವೇ ಒಂದು ಬಿಸ್ಕೀಟು ತೆಗೆದುಕೊಂಡರು. ಬಾಯಿಗೆ ಒಯ್ಯುವಾಗ ಕಣ್ಣು ಮುಚ್ಚಿದ್ದರು. ಮೊದಲನೆಯದು ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಬೇಗ ಹೋಯಿತು. ಕ್ರಾಂತಿ ಹಿಂದಿನ ಸೀಟಿಗೆ ಹಾರಿದ. ಬೀರಲಿಂಗೇಶ್ ಗಾಡಿಯನ್ನು ಟ್ರ್ಯಾಕ್ಟರಿನಂತೆಯೇ ಓಡಿಸಿದ. ಗುಂಡಿ ಎಂದು ಯಾವುದಕ್ಕೂ ಮರ್ಯಾದೆ ಕೊಡಲಿಲ್ಲ. ಹರಪನಹಳ್ಳಿ ಬರುವ ಹೊತ್ತಿಗೆ ಪೊಟ್ಟಣ ಖಾಲಿಯಾಗಿತ್ತು, ಸರ್ ಬೀರಲಿಂಗೇಶನಿಗೆ ಗೇರು ಬದಲಿಸುವುದು ಹೇಗೆಂದು ಬೈಯುತ್ತಿದ್ದರು. ಕ್ರಾಂತಿಗೆ ಅಷ್ಟು ಇಂಪಾದ ಬೈಗುಳ ಯಾವತ್ತೂ ಕೇಳಿಸಿರಲಿಲ್ಲ.

ಆಸ್ಪತ್ರೆಯ ಪಕ್ಕದ ಸಣ್ಣ ರಕ್ತನಿಧಿಯಲ್ಲಿ ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಸೂಜಿ ಒಳಗೆ ಹೋದಾಗ ಅವನ ಬಾಯಿಂದ ಬಂದ ಶಬ್ದಕ್ಕೆ ಪಕ್ಕದ ಕೋಣೆಯಿಂದ ಯಾರೋ ಇಣುಕಿ ನೋಡಿದರು. ರಕ್ತ ತೆಗೆದಾಯಿತು. ಪರೀಕ್ಷೆ ಮುಗಿಯಿತು. ಬಾಟಲಿ ಆಸ್ಪತ್ರೆಯ ಮೇಲಿನ ಮಹಡಿಗೆ ಹೋಯಿತು. ಬೀರಲಿಂಗೇಶ್ ಒಂದು ಗೂಡ್ಸ್ ಆಟೋ ಹಿಡಿದು ತನ್ನ ಬೈಕಿನತ್ತ ಹೊರಟುಹೋದ.

ಸರ್, ಕ್ರಾಂತಿ ಇಬ್ಬರೂ ಮೆಟ್ಟಿಲ ಬುಡದ ಬೆಂಚಿನ ಮೇಲೆ ಕೂತಿದ್ದಾಗ ರಮಾ ಟೀಚರ್ ಫೋನ್ ಮಾಡಿದರು. ಅವರ ದನಿ ಕ್ರಾಂತಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಏನರ ತಿಂದ್ರೇನು?"

ಸರ್ ಗೋಡೆಯನ್ನು ನೋಡಿದರು. ಸುಳ್ಳು ಅವರಿಗೆ ಬರುತ್ತಿರಲಿಲ್ಲ. "ತಿಂದೆ."

ಟೀಚರ್ ಅಂದರು: "ಸ್ತೋತ್ರ ದೇವ್ರಿಗೆ. ಪ್ರತಿ ಶುಭ ಶುಕ್ರವಾರ ನಾ ಅದನ್ನ ಕೇಳ್ಕೊಂತಿದ್ದೆ, ಈ ಮನುಷ್ಯ ಉಣ್ಣಂಗ ಮಾಡು ಅಂತ."

"ಆರಾಧನ್ಯಾಗ?"

"ಮತ್ತೆಲ್ಲಿ ಕೇಳ್ಲಿ?"

ಸರ್ ಫೋನ್ ಕೆಳಗಿಟ್ಟು, ತಮ್ಮ ಪಕ್ಕದಲ್ಲೇ ವರ್ಷಗಟ್ಟಲೆ ತಮ್ಮ ವಿರುದ್ಧ ಪ್ರಾರ್ಥನೆ ನಡೆದಿದ್ದು ಈಗ ಗೊತ್ತಾದವರಂತೆ ಕೂತರು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು. ಹುಲುಗೇಶ ಇಳಿದು ಬಂದ. ಅವನ ಮುಖದಲ್ಲಿ ಏನೂ ಬರೆದಿರಲಿಲ್ಲ. ಎರಡು ದಿನ ನಿದ್ದೆ ಇಲ್ಲದ ಮುಖ. ಇಬ್ಬರೂ ಎದ್ದು ನಿಂತರು. ಅವನು ಕೊನೆಯ ಮೆಟ್ಟಿಲಿನ ಮೇಲೆಯೇ ಕುಸಿದು ಕೂತ.

"ನಿಂತೈತಂತ್ರೀ ಸರ್. ರಕ್ತ ನಿಂತೈತಿ. ಕಣ್ಣು ಬಿಟ್ಲು. ನನ್ನ ನೋಡಿ ಬೈದ್ಲು."

ಸರ್ ಹೋಗಿ ಹುಲುಗೇಶನ ಎದುರು ನಿಂತರು. "ನೀ ಯಾವಾಗ ಉಂಡಿದ್ದಿಲೇ?" ಎಂದರು.

ಹುಲುಗೇಶ ಬೆರಳು ಮಡಚಿ ಎಣಿಸತೊಡಗಿದ.

"ಏಳು" ಎಂದರು ಸರ್, ಅವನ ರಟ್ಟೆ ಹಿಡಿದು. ಗೇಟಿನ ಆಚೆ ಖಾನಾವಳಿಯ ಬೋರ್ಡು ಕಾಣುತ್ತಿತ್ತು. ಅವನನ್ನು ನಡೆಸಿಕೊಂಡು ಹೋಗುತ್ತ ತಿರುಗದೆಯೇ ಕರೆದರು: "ನೀನೂ ಬಾ. ರೊಟ್ಟಿ ಊಟ ಹೇಳ್ತೀನಿ. ಇವತ್ತು ನಮ್ಮ ಅವ್ವನ ಹೆಸರಿಲೆ ಮೂರೂ ಮಂದಿ ಉಣ್ಣೋಣು."